ಕರಡು ಕೊಟ್ಟು ಸಂವಿಧಾನ ಪಾಠ ಮಾಡಿದಾಗ

ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಸಂವಿಧಾನ ರಚನಾ ಸಭೆ ಅಂದ ತಕ್ಷಣ ಮಕ್ಕಳು ಇಸವಿ ಬರೆದುಕೊಳ್ಳಲು ಪೆನ್ನು ತೆಗೆಯುತ್ತಾರೆ. 1946ರ ಡಿಸೆಂಬರ್ 9ಕ್ಕೆ ಮೊದಲ ಸಭೆ, 1949ರ ನವೆಂಬರ್ 26ಕ್ಕೆ ಅಂಗೀಕಾರ, 1950ರ ಜನವರಿ 26ಕ್ಕೆ ಜಾರಿ. ಇದಕ್ಕೆ ಐದು ನಿಮಿಷ ಸಾಕು. ಆಮೇಲೆ ಬೋರ್ಡಿನ ಮೇಲೆ 1948ರ ಕರಡಿನ 13ನೇ ವಿಧಿಯ ಸಾರ ಬರೆಯುತ್ತೇನೆ.

ನಮ್ಮ ಈಗಿನ 19ನೇ ವಿಧಿ ಹುಟ್ಟಿದ್ದು ಅದರಿಂದಲೇ. ಸಭೆ ಸೇರಬಹುದು, ಸಂಘ ಕಟ್ಟಬಹುದು, ದೇಶದಲ್ಲೆಲ್ಲಾ ಓಡಾಡಬಹುದು ಅನ್ನುತ್ತದೆ. ಅದರ ಕೆಳಗೇ, ಇವಕ್ಕೆ ನಿರ್ಬಂಧ ಹಾಕುವ ಕಾನೂನನ್ನೂ ಮಾಡಬಹುದು ಅನ್ನುತ್ತದೆ. "ಓದಿ, ಏನನ್ಸುತ್ತೆ ಹೇಳಿ" ಎಂದು ಸುಮ್ಮನೆ ನಿಲ್ಲುತ್ತೇನೆ. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಹೆಂಗೆ ಬೇಕಾದ್ರೂ ನಿರ್ಬಂಧ ಹಾಕಬಹುದು ಅಂದ್ಮೇಲೆ ಹಕ್ಕು ಕೊಟ್ಟು ಏನು ಬಂತು?"

1948ರ ಡಿಸೆಂಬರಿನಲ್ಲಿ ಪಂಡಿತ್ ಠಾಕೂರ್ ದಾಸ್ ಭಾರ್ಗವ ಎತ್ತಿದ್ದೂ ಇದೇ ತಕರಾರು. ಪಂಜಾಬಿನ ವಕೀಲರು, ಕಾಂಗ್ರೆಸ್ಸಿನವರೇ. ನಿರ್ಬಂಧ ನ್ಯಾಯಸಮ್ಮತವಾಗಿರಬೇಕು ಎಂಬ ಷರತ್ತು ಸೇರಿಸಿ ಎಂದು ಪಟ್ಟು ಹಿಡಿದರು. ಆ ಷರತ್ತು ಇದ್ದರೆ ನಿರ್ಬಂಧ ಅತಿಯಾಯಿತೋ ಇಲ್ಲವೋ ಎಂದು ಕೋರ್ಟ್ ತೂಗಿ ನೋಡಬಹುದು, ಅಲ್ವಾ? ಅಂಬೇಡ್ಕರ್ ಒಪ್ಪಿಕೊಂಡರು. ಮಾತಿನ ಸ್ವಾತಂತ್ರ್ಯದ ವಿಷಯದಲ್ಲಿ ಮಾತ್ರ ಈ ಷರತ್ತು ಬಂದದ್ದು 1951ರ ಮೊದಲ ತಿದ್ದುಪಡಿಯಲ್ಲಿ. ಅದೇ ತಿದ್ದುಪಡಿ ನಿರ್ಬಂಧ ಹಾಕುವ ಕಾರಣಗಳನ್ನೂ ಜಾಸ್ತಿ ಮಾಡಿತು.

ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. ಸಿದ್ಧವಾದ ವಿಧಿ ಕೊಟ್ಟರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕರಡು ಕೊಟ್ಟರೆ ವಾದಕ್ಕೆ ಇಳಿಯುತ್ತಾರೆ. ಆ ಸಭೆಗೆ ಬಂದ ತಿದ್ದುಪಡಿಗಳು ಸುಮಾರು 7,635. ಮಂಡನೆಯಾದವು 2,473. ಬಿದ್ದುಹೋದವುಗಳಲ್ಲೂ ಓದಲೇಬೇಕಾದವು ಎಷ್ಟೋ ಇವೆ.

ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಪೀಠಿಕೆ ದೇವರ ಹೆಸರಿನಲ್ಲಿ ಶುರುವಾಗಲಿ ಎಂದರು. ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ಸಿಕ್ಕಿಸಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಬಿಡಲಿಲ್ಲ. ಪರ 41, ವಿರುದ್ಧ 68. ತಿದ್ದುಪಡಿ ಬಿತ್ತು. ನಂತರ 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಪಕ್ಷದ ಶಿಸ್ತಿಗೆ ತಲೆಬಾಗದ ಇಂಥವರನ್ನು ಹೆಸರು ಹಿಡಿದು ನೆನೆದರು. ಕಾಮತ್ ಇದ್ದರು, ಭಾರ್ಗವರೂ ಇದ್ದರು. ಇವರ ಸಲಹೆಗಳನ್ನು ನಾನು ಒಪ್ಪದಿದ್ದರೂ ಅವುಗಳ ಬೆಲೆ ಕಮ್ಮಿಯಾಗಲಿಲ್ಲ ಎಂಬರ್ಥದ ಮಾತು ಅವರದು. ಅದನ್ನು ಪ್ರತಿ ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ.

ಇಂಟರ್ನಲ್ಸ್‌ಗೆ ಈಗ ಒಂದೇ ಪ್ರಶ್ನೆ. ಬಿದ್ದುಹೋದ ಒಂದು ತಿದ್ದುಪಡಿ ಆರಿಸಿಕೊಳ್ಳಿ, ಅದರ ಪರವಾಗಿ ವಾದಿಸಿ, ಎದುರಿನವರ ಅತಿ ಗಟ್ಟಿ ಮಾತಿಗೆ ಉತ್ತರ ಕೊಡಿ. ಹೆಚ್ಚಿನವರು ಹಿಡಿಯುವುದು ಕೆ.ಟಿ. ಷಾ ಅವರದ್ದನ್ನು. 'ಜಾತ್ಯತೀತ, ಸಮಾಜವಾದಿ' ಎಂದು ಒಂದನೇ ವಿಧಿಯಲ್ಲೇ ಬರೆಯೋಣ ಎಂದು ಅವರು 1948ರಲ್ಲೇ ಕೇಳಿದ್ದರು. ಸಭೆ ಒಪ್ಪಲಿಲ್ಲ. ಆ ಎರಡೂ ಪೀಠಿಕೆಗೆ ಸೇರಿದ್ದು 1976ರಲ್ಲಿ.