ಡಿಪಿಎಫ್ ದೀಪ ಹೊತ್ತಿದರೆ ಮೊದಲು ಟೆಂಪರೇಚರ್ ನೋಡಿ

ನಮ್ಮ ಕಾರು 2020ರದ್ದು. ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಹೊಸತರಲ್ಲಿ ಅಣ್ಣ ತಗೊಂಡ ಡೀಸೆಲ್ ಗಾಡಿ. ಕೆಲಸದ ಮೇಲೆ ಬೆಂಗಳೂರು–ಹುಬ್ಬಳ್ಳಿ ಅಂತ ಓಡಾಡಿ ಲಕ್ಷ ಕಿಲೋಮೀಟರ್ ದಾಟಿಸಿ, ಆಮೇಲೆ ನನಗೆ ಕೊಟ್ಟ. ನನ್ನ ಓಡಾಟ ಅಂದರೆ ಮೈಸೂರಿನ ಕುವೆಂಪುನಗರದಿಂದ ಸರಸ್ವತಿಪುರಂನಲ್ಲಿರೋ ಕಾಲೇಜು, ಸಂಜೆ ತರಕಾರಿ, ಮಗಳ ಸಂಗೀತದ ಕ್ಲಾಸು. ಎಂಜಿನ್ ಬಿಸಿಯಾಗೋ ಹೊತ್ತಿಗೆ ಕೀ ತೆಗೆಯೋ ಬದುಕು. ಕೆಲವೇ ತಿಂಗಳಲ್ಲಿ ಡಿಪಿಎಫ್‌ನ ಹಳದಿ ದೀಪ ಹೊತ್ತಿತು. ಅಣ್ಣನಿಗೆ ಫೋನ್ ಮಾಡಿದರೆ, "ನಾನು ಓಡಿಸುವಾಗ ಏನೂ ಇರಲಿಲ್ಲ ಕಣೇ" ಅಂದ. ನಿಜವೇ. ಹೈವೇಲಿ ಗಂಟೆಗಟ್ಟಲೆ ಓಡೋ ಗಾಡಿಗೆ ಈ ಕಾಯಿಲೆ ಬರೋದು ಕಡಿಮೆ.

ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ಅಂದರೆ ಹೊಗೆ ಹೊರಹೋಗೋ ದಾರಿಯಲ್ಲಿ ಕೂರಿಸಿರೋ ಪಿಂಗಾಣಿ ಜಾತಿಯ ಒಂದು ಸೋಸುಗ. ಒಳಗೆ ಸಾವಿರಾರು ಸಣ್ಣ ಕೊಳವೆ. ಒಂದರ ಮುಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂದಿನ ಬಾಯಿ ಮುಚ್ಚಿರುತ್ತೆ. ಹಾಗಾಗಿ ಹೊಗೆ ಗೋಡೆಯ ಮೂಲಕವೇ ನುಸುಳಬೇಕು, ಮಸಿ ಒಳಗೇ ಉಳಿಯುತ್ತೆ. ಬಿಎಸ್4 ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಉಗುಳಬಹುದಿತ್ತು. ಬಿಎಸ್6ರಲ್ಲಿ ಅದು 4.5ಕ್ಕೆ ಇಳಿಯಿತು, ಕಣಗಳ ಸಂಖ್ಯೆಗೂ ಮಿತಿ ಬಂತು. ಅದಕ್ಕೇ ಈ ಡಬ್ಬ.

ತುಂಬಿದ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಎಂಜಿನ್ ಕಂಪ್ಯೂಟರ್ ಸ್ವಲ್ಪ ಡೀಸೆಲನ್ನು ಬೇಕಂತಲೇ ತಡವಾಗಿ ಚಿಮ್ಮಿಸಿ ಆ ಶಾಖ ತರಿಸುತ್ತೆ. ಹತ್ತಿಪ್ಪತ್ತು ನಿಮಿಷದ ಕೆಲಸ. ನಡುವೆ ಗಾಡಿ ಆಫ್ ಮಾಡಿದರೆ ಅರ್ಧಕ್ಕೇ ನಿಲ್ಲುತ್ತೆ. ಹೀಗೆ ತಡವಾಗಿ ಚಿಮ್ಮಿದ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆ ಹಿಡಿದು ಇಳಿದು ಎಂಜಿನ್ ಆಯಿಲ್ ಸೇರುತ್ತೆ.

ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಔಷಧಿ: "ಹೈವೇಗೆ ತಗೊಂಡು ಹೋಗಿ ಮೇಡಮ್, ಚೆನ್ನಾಗಿ ಓಡಿಸಿ." ಭಾನುವಾರ ಮದ್ದೂರಿನವರೆಗೆ ಹೋಗಿಬಂದೆವು. (ಎಕ್ಸ್‌ಪ್ರೆಸ್‌ವೇ ಆದಮೇಲೆ ವಡೆ ತಿನ್ನೋಕೂ ಕೆಳಗಿಳಿದು ಹುಡುಕಿಕೊಂಡು ಹೋಗಬೇಕು.) ದೀಪ ಆರಲಿಲ್ಲ. ಮುಂದಿನ ವಾರ ಚಾಮುಂಡಿ ಬೆಟ್ಟ ಹತ್ತುವಾಗ ಗಾಡಿಗೆ ಎಳೆತವೇ ಇಲ್ಲ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ತೆವಳುತ್ತೆ.

ಸರ್ವಿಸ್ ಸೆಂಟರಿನವರು ಫಿಲ್ಟರ್ ಪೂರ್ತಿ ಬದಲಿಸಬೇಕು ಅಂತ ಲಕ್ಷದ ಮೇಲಿನ ಎಸ್ಟಿಮೇಟ್ ಕೈಗಿತ್ತರು. ಯಾಕೆ ತುಂಬಿತು ಅಂತ ಕೇಳಿದ್ದಕ್ಕೆ "ಸಿಟಿ ಡ್ರೈವಿಂಗ್ ಮೇಡಮ್" ಅಂದರು. ಇನ್ನೊಂದು ಗ್ಯಾರೇಜಿನವನು ಇನ್ನೂ ಸಲೀಸು: ಒಳಗಿರೋದನ್ನ ಒಡೆದು ತೆಗೆದು, ಸಾಫ್ಟ್‌ವೇರಲ್ಲಿ ಆಫ್ ಮಾಡಿಬಿಟ್ಟರೆ "ಪಿಕಪ್ಪೂ ಸೂಪರ್ ಆಗುತ್ತೆ." ಕಾನೂನಿನ ಪ್ರಕಾರ ಅದು ಅಪರಾಧ. ಅದು ಹಾಗಿರಲಿ, ನಮ್ಮ ಕಾಲೇಜು ಬಿಡೋ ಹೊತ್ತಿಗೆ ಗೇಟಿನ ಹತ್ತಿರ ನೂರಾರು ಹುಡುಗರು ನಿಂತಿರುತ್ತಾರೆ. ಅವರ ಮುಖಕ್ಕೆ ನಾನು ಮಸಿ ಊದಿಕೊಂಡು ಹೋಗೋದೇ? ಪಿಕಪ್ ಕಟ್ಟಿಕೊಂಡು ನನಗೇನಾಗಬೇಕು.

ಕೊನೆಗೆ ಬನ್ನಿಮಂಟಪದ ಕಡೆ ಡೀಸೆಲ್ ಪಂಪು, ಇಂಜೆಕ್ಟರ್ ಕೆಲಸ ಮಾಡೋ ಒಬ್ಬ ಹಿರಿಯರ ಹತ್ತಿರ ಹೋದೆ. ಬಾನೆಟ್ ಕೂಡ ಎತ್ತದೆ ಅವರು ಕೇಳಿದ ಮೊದಲ ಪ್ರಶ್ನೆ: "ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತಮ್ಮಾ?" ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಅರ್ಧಕ್ಕಿಂತ ಕೆಳಗೆ ಅಂದೆ. ಅವರ ತಮ್ಮನ ಮಗ ಸ್ಕ್ಯಾನರ್ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತ, ನಂಜನಗೂಡು ರಸ್ತೆ ಹಿಡಿದೆವು. ಊರೊಳಗಿನ ಟ್ರಾಫಿಕ್‌ನಲ್ಲಿ ಕೂಲೆಂಟ್ 75ರ ಆಸುಪಾಸು ಇದ್ದದ್ದು, ಕಡಕೊಳ ದಾಟಿ ವೇಗ ಹಿಡಿದ ಮೇಲೆ 60ರ ಹತ್ತಿರ ಇಳಿಯಿತು. ಓಡಿದಷ್ಟೂ ಎಂಜಿನ್ ತಣ್ಣಗಾಗ್ತಿದೆ! ಮುಂದಿನಿಂದ ಗಾಳಿ ಬಡಿದು ರೇಡಿಯೇಟರ್ ನೀರು ತಂಪಾಗಿ, ತಡೆಯಿಲ್ಲದೆ ಎಂಜಿನ್ನಿಗೆ ಬಂದು ಸೇರುತ್ತಿತ್ತು. ಆ ತಡೆ ಹಾಕಬೇಕಾದ್ದು ಥರ್ಮೋಸ್ಟಾಟ್. ಎಂಜಿನ್ ಸಾಕಷ್ಟು ಬಿಸಿಯಾಗೋವರೆಗೆ ಅದು ರೇಡಿಯೇಟರಿನ ದಾರಿ ಮುಚ್ಚಿಟ್ಟಿರುತ್ತೆ.

ವಾಪಸ್ ಬಂದು ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ.

ಹಿರಿಯರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮೂರ ಬಿಸಿಲಿಗೆ ಇದ್ಯಾಕೆ ಅಂತ ಕಿತ್ತು ಹಾಕಿಬಿಡ್ತಾರೆ, ಹಳೇ ಲಾರಿ ಕಾಲದ ಬುದ್ಧಿ" ಅಂದರು. ಅಣ್ಣನಿಗೆ ಮತ್ತೆ ಫೋನ್. ನನಗೆ ಕೊಡೋ ಸ್ವಲ್ಪ ಮುಂಚೆ, ದಾವಣಗೆರೆ ಹತ್ತಿರ ಹೋಸ್ ಒಡೆದು ಎಂಜಿನ್ ಕಾದು, ದಾರಿಬದಿಯಲ್ಲಿ ರಿಪೇರಿ ಮಾಡಿಸಿದ್ದು ಆಗ ನೆನಪಾಯಿತು. ಬಿಲ್ಲಂತೂ ಇಲ್ಲ. ಎಂಜಿನ್ ಕಾಯೋದಿಲ್ಲ, ಕೆಂಪು ದೀಪ ಬರೋದಿಲ್ಲ ಅಂದಮೇಲೆ ಯಾರಿಗೆ ಅನುಮಾನ ಬರುತ್ತೆ?

ಇಷ್ಟು ಗೊತ್ತಾದಮೇಲೆ ಮದ್ದೂರಿಗೆ ಹೋಗಿಬಂದರೂ ದೀಪ ಯಾಕೆ ಆರಲಿಲ್ಲ ಅಂತ ಅರ್ಥವಾಯಿತು. ಎಂಜಿನ್ ಬಿಸಿ ಸಾಲದಿದ್ದರೆ ಕಂಪ್ಯೂಟರ್ ಸುಡೋ ಕೆಲಸ ಶುರುವೇ ಮಾಡೋದಿಲ್ಲ. ಹೈವೇಲಿ ಬಿಸಿ ಇಳೀತಿತ್ತು. ಊರೊಳಗೆ ಸಿಗ್ನಲ್‌ನಲ್ಲಿ ನಿಂತು ನಿಂತು ಹೇಗೋ ಬಿಸಿಯೇರಿ ಶುರುವಾಗೋ ಹೊತ್ತಿಗೆ ಕಾಲೇಜು ಬಂದಿರುತ್ತಿತ್ತು. ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಮೇಲಿನ ಗೆರೆ ದಾಟಿತ್ತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಎಂಜಿನ್ ಆಯಿಲ್ ತಾನಾಗೇ ಹೆಚ್ಚೋದು ಒಳ್ಳೇ ಲಕ್ಷಣವಲ್ಲ. ತೆಳುವಾದ ಆಯಿಲ್ ಬೇರಿಂಗನ್ನೂ ಟರ್ಬೋವನ್ನೂ ತಿಂದುಬಿಡುತ್ತೆ.

ಹೊಸ ಥರ್ಮೋಸ್ಟಾಟ್, ಕೂಲೆಂಟ್ ಹಾಕಿ ಮುಳ್ಳು ನೆಟ್ಟಗೆ ನಿಂತ ಮೇಲೇ ಅವರು ಫಿಲ್ಟರ್ ತಂಟೆಗೆ ಹೋಗಿದ್ದು. ಮಸಿಯ ಪ್ರಮಾಣ ಸ್ಕ್ಯಾನರಿನಲ್ಲಿ ನೋಡಿ, ಇನ್ನೂ ಮಿತಿಯೊಳಗಿದೆ, ನಿಂತಲ್ಲೇ ಸುಡಿಸಬಹುದು ಅಂದರು. ಮಿತಿ ಮೀರಿದ್ದರೆ ಹಾಗೆ ಮಾಡಬಾರದಂತೆ. ಎಲ್ಲಾ ಮಸಿ ಒಟ್ಟಿಗೇ ಹೊತ್ತಿಕೊಂಡರೆ ಒಳಗಿನ ಪಿಂಗಾಣಿ ಸೀಳುತ್ತೆ, ಹಾಗಾಗಿ ಅಷ್ಟು ತುಂಬಿದ್ದನ್ನು ಬಿಚ್ಚಿಯೇ ತೊಳೆಸಬೇಕು. ಒಣಹುಲ್ಲಿಲ್ಲದ ಬಯಲಲ್ಲಿ ನಿಲ್ಲಿಸಿ ಲ್ಯಾಪ್‌ಟಾಪಿನಿಂದ ಆದೇಶ ಕೊಟ್ಟರು. ಎಂಜಿನ್ ತಾನೇ ರೇಸ್ ಆಗಿ, ಫ್ಯಾನ್ ಭೋರ್ ಅಂತ ತಿರುಗಿ, ಸೈಲೆನ್ಸರ್ ಹಿಂದೆ ನಿಲ್ಲಲಾಗದಷ್ಟು ಝಳ. ಅರ್ಧ ಗಂಟೆಯ ಮೇಲೆ ಫಿಲ್ಟರಿನ ಎರಡು ತುದಿಗಳ ಒತ್ತಡದ ವ್ಯತ್ಯಾಸ ಸರಿಯಾದ ಮಟ್ಟಕ್ಕೆ ಇಳಿಯಿತು. ಆಮೇಲೆ ಆಯಿಲ್ ಬದಲಿ. ಅದೂ ಬೂದಿ ಕಡಿಮೆ ಬಿಡೋ ಸಿ3 ದರ್ಜೆಯದೇ ಆಗಬೇಕು ಅಂತ ತಾಕೀತು. ಮಸಿ ಸುಟ್ಟುಹೋಗುತ್ತೆ, ಆಯಿಲ್‌ನಿಂದ ಬರೋ ಬೂದಿ ಸುಡೋದಿಲ್ಲ, ಅಲ್ಲೇ ಕೂರುತ್ತೆ. ಎಲ್ಲಾ ಸೇರಿ ಆದ ಖರ್ಚು ಆ ಎಸ್ಟಿಮೇಟಿನ ಹತ್ತನೇ ಒಂದು ಭಾಗವೂ ಇಲ್ಲ.

ನನ್ನಂಥ ಓಡಾಟಕ್ಕೆ ಡೀಸೆಲ್ ಗಾಡಿ ಕೊಂಡುಕೊಳ್ಳಲೇಬಾರದು. ಅಣ್ಣ ಕೊಟ್ಟದ್ದು ಅಂತ ಇಟ್ಟುಕೊಂಡಿದ್ದೇನೆ ಅಷ್ಟೆ. ಈಗ ಟ್ಯಾಂಕ್ ತಳಕ್ಕೆ ಹೋಗೋಕೆ ಬಿಡೋದಿಲ್ಲ, ಡೀಸೆಲ್ ಕಮ್ಮಿ ಇದ್ದರೂ ಸುಡೋ ಕೆಲಸ ಶುರುವಾಗಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಐಡಲ್ ಸ್ವಲ್ಪ ಏರಿದ್ದು, ಫ್ಯಾನ್ ಸುಮ್ಮನೆ ತಿರುಗುತ್ತಿದ್ದದ್ದು ಕಂಡರೆ ಒಳಗೆ ಮಸಿ ಸುಡ್ತಿದೆ ಅಂತ ಲೆಕ್ಕ. ಆಗ ಮನೆಯ ತಿರುವಿನಲ್ಲಿ ತಿರುಗದೆ ರಿಂಗ್ ರೋಡಿಗೆ ಹೋಗಿ ಒಂದಿಷ್ಟು ದೂರ ಸುತ್ತಿಬರುತ್ತೇನೆ. ಹಿಂದಿನ ಸೀಟಿನಲ್ಲಿ ಮಗಳು, ಸಂಗೀತದ ಕ್ಲಾಸಿಗೆ ಲೇಟಾಯ್ತು ಅಂತ ಗೊಣಗುತ್ತಾಳೆ.