ರ‍್ಯಾಕ್ ಸಿಂಥ್ ತೆಗೆದು ಪ್ಲಗಿನ್ ಇಡುವ ಮುಂಚೆ

ಲೈವ್ ಕಾರ್ಯಕ್ರಮಗಳಿಗೆ ಕೀಬೋರ್ಡ್ ರಿಗ್ ಕಟ್ಟಿಕೊಡುವುದು ನನ್ನ ಕೆಲಸ. ಹಳೆ ರ‍್ಯಾಕ್ ಸಿಂಥ್ (ಕೀಬೋರ್ಡಿಗೆ ಸೌಂಡ್ ಕೊಡುವ ಪೆಟ್ಟಿಗೆ) ತೆಗೆದು ಲ್ಯಾಪ್‌ಟಾಪ್ ಇಡೋಣ ಅಂದಾಗ ಪ್ರತಿಯೊಬ್ಬ ವಾದಕರೂ ಮೊದಲು ಕೇಳುವುದು, "ಅದೇ ಸೌಂಡ್ ಬರುತ್ತಾ?" ಅಂತ. ಬರುತ್ತೆ. 1994ರ ರೋಲ್ಯಾಂಡ್ ಜೆವಿ-1080 ಈಗ ಅದೇ ಕಂಪನಿಯಿಂದ ಪ್ಲಗಿನ್, ಅಂದರೆ ಲ್ಯಾಪ್‌ಟಾಪ್‌ನಲ್ಲಿ ಓಡುವ ಸಾಫ್ಟ್‌ವೇರ್ ಆಗಿಯೂ ಸಿಗುತ್ತದೆ. ನನ್ನ ಸಮಯವೆಲ್ಲ ಹೋಗುವುದು ಬೇರೆ ಕಡೆ. ಆ ಪೆಟ್ಟಿಗೆ ನಾವು ಕೇಳದೇ ಮಾಡಿಕೊಡುತ್ತಿದ್ದ ಕೆಲಸಗಳನ್ನು ಇಲ್ಲಿ ಒಂದೊಂದಾಗಿ ನಾವೇ ಕಟ್ಟಬೇಕು.

ಪ್ಯಾಚ್ (ಒಂದು ಸಿದ್ಧ ಸೌಂಡ್) ಬದಲಾವಣೆಯನ್ನೇ ನೋಡಿ. ರ‍್ಯಾಕ್‌ಗೆ ಒಂದು ಪ್ರೋಗ್ರಾಂ ಚೇಂಜ್ (ಸೌಂಡ್ ಬದಲಿಸು ಎನ್ನುವ ಸಂದೇಶ) ಕಳಿಸಿದರೆ ಸಾಕು, ಮುಂದಿನ ಸೌಂಡ್ ರೆಡಿ. ಪ್ಲಗಿನ್‌ಗೂ ಹಾಗೇ ಕಳಿಸಿ ಪ್ರಿಸೆಟ್ ಬದಲಾಯಿಸಿದರೆ, ಸ್ಯಾಂಪಲ್‌ಗಳು (ರೆಕಾರ್ಡ್ ಮಾಡಿಟ್ಟ ಸದ್ದುಗಳು) ಡಿಸ್ಕ್‌ನಿಂದ ಲೋಡ್ ಆಗುವವರೆಗೆ ಕಾಯಬೇಕಾಗಬಹುದು. ಒತ್ತಿ ಹಿಡಿದ ಸ್ಟ್ರಿಂಗ್ಸ್ ಪಟ್ಟನೆ ಕತ್ತರಿಸಿ ಹೋಗುವುದೂ ಉಂಟು. ಅದಕ್ಕೇ ನಾನು ಪ್ರಿಸೆಟ್ ಬದಲಾಯಿಸುವ ಗೋಜಿಗೇ ಹೋಗುವುದಿಲ್ಲ. ಇಡೀ ಕಾರ್ಯಕ್ರಮಕ್ಕೆ ಬೇಕಾದ ಸೌಂಡ್‌ಗಳನ್ನೆಲ್ಲ ಶುರುವಿನಲ್ಲೇ ಮೆಮೊರಿಗೆ ಹಾಕಿಬಿಡುತ್ತೇನೆ. ಪ್ರೋಗ್ರಾಂ ಚೇಂಜ್ ಬಂದಾಗ ಬದಲಾಗುವುದು ಕೀಗಳ ದಾರಿ ಮಾತ್ರ: ಹೊಸ ನೋಟ್ ಹೊಸ ಸೌಂಡಿಗೆ, ಹಿಡಿದಿರುವ ನೋಟ್ ಹಳೆಯದರಲ್ಲೇ. ಸಸ್ಟೇನ್ ಪೆಡಲ್ ಬಿಟ್ಟ ಸಂದೇಶ ಮಾತ್ರ ಎರಡಕ್ಕೂ ಹೋಗಬೇಕು. ಹೋಗದಿದ್ದರೆ ಹಳೆ ಕಾರ್ಡ್ ಮುಂದಿನ ಹಾಡಿನ ಮೇಲೂ ಕೂಗುತ್ತಲೇ ಇರುತ್ತದೆ. ಎಲ್ಲ ನೋಟ್‌ಗಳನ್ನೂ ಆಫ್ ಮಾಡುವ ಒಂದು ಪ್ಯಾನಿಕ್ ಬಟನ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಪಾಲಿಫೊನಿಗೂ, ಅಂದರೆ ಒಟ್ಟಿಗೇ ಎಷ್ಟು ನೋಟ್ ನುಡಿಯಬಹುದು ಎಂಬುದಕ್ಕೂ, ಇದೇ ಗಮನ ಬೇಕು. ಜೆವಿ-1080ರಲ್ಲಿ 64 ವಾಯ್ಸ್. ಒಂದು ಪ್ಯಾಚ್‌ನಲ್ಲಿ ನಾಲ್ಕು ಟೋನ್ (ಸದ್ದಿನ ಪದರ) ಇದ್ದರೆ ಪ್ರತಿ ನೋಟ್‌ಗೆ ನಾಲ್ಕು ವಾಯ್ಸ್ ಖರ್ಚಾಗಿ 16 ನೋಟ್‌ಗೆ ಮುಗಿಯಿತು, ಆಮೇಲೆ ಹಳೆ ನೋಟ್‌ಗಳು ಸದ್ದಿಲ್ಲದೆ ಬಿಟ್ಟುಕೊಡುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಅಂಥ ಮಿತಿ ಹಾಕದಿದ್ದರೆ, ಪೆಡಲ್ ಒತ್ತಿ ದೊಡ್ಡ ಕಾರ್ಡ್‌ಗಳನ್ನು ನುಡಿಸುತ್ತಾ ಹೋದಂತೆ ಸಿಪಿಯು ಸುಸ್ತಾಗಿ ಇಡೀ ಆಡಿಯೋ ಕರಕರ ಅನ್ನುತ್ತದೆ. ಒಂದು ನೋಟ್ ಬಿದ್ದರೆ ಯಾರಿಗೂ ಗೊತ್ತಾಗಲ್ಲ, ಇದು ಎಲ್ಲರಿಗೂ ಕೇಳುತ್ತೆ ಅಲ್ವಾ? ಆದ್ದರಿಂದ ಪ್ರತಿ ಪ್ಲಗಿನ್‌ನಲ್ಲೂ ವಾಯ್ಸ್ ಮಿತಿಯನ್ನು ಕೈಯಾರೆ ಹಾಕುತ್ತೇನೆ.

ಲೇಟೆನ್ಸಿ (ಕೀ ಒತ್ತಿ ಸದ್ದು ಬರುವವರೆಗಿನ ತಡ) ಬಗ್ಗೆ ಭಯ ಜಾಸ್ತಿ, ಅಷ್ಟು ಬೇಕಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಸಿದ್ಧಪಡಿಸುವ ಆಡಿಯೋ ತುಣುಕು) ಅಂದರೆ ಸುಮಾರು 2.7 ಮಿಲಿಸೆಕೆಂಡ್. ಡ್ರೈವರ್, ಇಂಟರ್‌ಫೇಸ್ ಸೇರಿ ಇನ್ನೊಂದಿಷ್ಟು ಏರುತ್ತದೆ. ಮೂರು ಮೀಟರ್ ದೂರದ ಮಾನಿಟರ್‌ನಿಂದ ಸದ್ದು ಕಿವಿಗೆ ಬರಲಿಕ್ಕೇ 9 ಮಿಲಿಸೆಕೆಂಡ್ ಹತ್ತಿರ ಬೇಕು. ಬಫರ್ 64ಕ್ಕೆ ಇಳಿಸಿ, ಯಾವಾಗ ಕರಕರ ಶುರುವಾಗುತ್ತೋ ಅಂತ ಎದೆ ಹಿಡಿದುಕೊಂಡು ನುಡಿಸುವುದಕ್ಕಿಂತ 128ರಲ್ಲಿ ನೆಮ್ಮದಿಯಾಗಿರುವುದು ಮೇಲು.

ವೈಫೈ, ಅಪ್‌ಡೇಟ್, ಸ್ಲೀಪ್, ಯುಎಸ್‌ಬಿ ಪವರ್ ಸೇವಿಂಗ್ ಎಲ್ಲ ಆಫ್. ಲೈಸೆನ್ಸ್ ಇಂಟರ್ನೆಟ್ ಇಲ್ಲದೆ ತೆರೆಯುತ್ತದೆಯೇ ಅಂತ ಮನೆಯಲ್ಲೇ ನೋಡಿಕೊಳ್ಳಿ. ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಬಂದರೆ ಆಡಿಯೋ ಔಟ್ ಮತ್ತು ಮಿಕ್ಸರ್ ನಡುವೆ ಗ್ರೌಂಡ್ ಲಿಫ್ಟ್ (ಆಡಿಯೋ ಕೇಬಲ್‌ನ ಗ್ರೌಂಡ್ ಕಡಿಯುವ ಸ್ವಿಚ್) ಇರುವ, ಟ್ರಾನ್ಸ್‌ಫಾರ್ಮರ್ ಡಿಐ ಬಾಕ್ಸ್ ಹಾಕಿ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನುಡಿಸುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಟರಿಯಲ್ಲಿದ್ದಾಗ ಎಷ್ಟೋ ಲ್ಯಾಪ್‌ಟಾಪ್‌ಗಳು ವೇಗ ತಗ್ಗಿಸುತ್ತವೆ.

ಜಾಗ ಇದ್ದರೆ ಮೊದಮೊದಲು ರ‍್ಯಾಕ್ ಕೂಡ ಜೊತೆಗಿರಲಿ, ಲ್ಯಾಪ್‌ಟಾಪ್ ಕೈಕೊಟ್ಟರೆ ಬೇಕಾಗುತ್ತದೆ. ಕೀಬೋರ್ಡಿನ ಯುಎಸ್‌ಬಿ ಲ್ಯಾಪ್‌ಟಾಪ್‌ಗೆ, ಐದು ಪಿನ್ನಿನ ಮಿಡಿ ಔಟ್ (ನೋಟ್, ಪ್ರೋಗ್ರಾಂ ಚೇಂಜ್ ಸಂದೇಶಗಳು ಹೊರಹೋಗುವ ಕಿಂಡಿ) ರ‍್ಯಾಕ್‌ಗೆ. ಎರಡೂ ಕಡೆ ಒಟ್ಟಿಗೇ ಮಿಡಿ ಹೋಗುತ್ತದೆಯೇ ಅಂತ ಮೊದಲೇ ನೋಡಿ, ಕೆಲವು ಕೀಬೋರ್ಡ್‌ಗಳಲ್ಲಿ ಒಂದನ್ನೇ ಆರಿಸಬೇಕಾಗುತ್ತದೆ. ಮಿಕ್ಸರ್‌ನಲ್ಲಿ ರ‍್ಯಾಕ್‌ನ ಫೇಡರ್ (ವಾಲ್ಯೂಮ್ ಏರಿಳಿಸುವ ಗುಂಡಿ) ಕೆಳಗಿರಲಿ. ಪ್ರೋಗ್ರಾಂ ಚೇಂಜ್ ಮಾತ್ರ ಕೀಬೋರ್ಡಿನಿಂದಲೇ ಎರಡಕ್ಕೂ ಹೋಗಲಿ. ಲ್ಯಾಪ್‌ಟಾಪ್‌ನಿಂದ ರ‍್ಯಾಕ್‌ಗೆ ಕಳಿಸುವ ಹಾಗಿದ್ದರೆ, ಲ್ಯಾಪ್‌ಟಾಪ್ ನಿಂತ ಹೊತ್ತಿನಲ್ಲಿ ಫೇಡರ್ ಏರಿಸಿದಾಗ ರ‍್ಯಾಕ್ ಯಾವುದೋ ಹಳೆ ಹಾಡಿನ ಸೌಂಡಿನಲ್ಲೇ ಕೂತಿರುತ್ತದೆ.