ಸ್ವಂತ ಹೋಟೆಲ್ ಇಟ್ಟುಕೊಂಡು ಬೇರೆ ಹೋಟೆಲಿಗೆ ಯಾಕೆ ಹೋಗ್ತೀರಿ?

ಊರಿಗೆ ಫೋನ್ ಮಾಡಿದಾಗಲೆಲ್ಲ ಅತ್ತಿಗೆ ಇದನ್ನು ಕೇಳದೆ ಬಿಡುವುದಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನವರೂ ಕೇಳುತ್ತಾರೆ. ಮೊನ್ನೆ ಮಾಟುಂಗದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ಎದುರು ಪಂಕ್ತಿಯಿಂದ ಒಬ್ಬರು ಕೂಗಿಯೇ ಕೇಳಿದರು: "ಫೋರ್ಟ್‌ನಲ್ಲಿ ನಿಮ್ಮದೇ ಹೋಟೆಲ್ ಉಂಟಲ್ಲ ಮಾರಾಯ್ರೆ. ಮತ್ತೆ ದುಡ್ಡು ಕೊಟ್ಟು ಬೇರೆಯವರ ಹೋಟೆಲಿಗೆ ಯಾಕೆ ಹೋಗುದು?"

ಬಾಯಲ್ಲಿ ಹೋಳಿಗೆ ಇತ್ತು, ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ.

ನಮ್ಮ ಕಡೆ ಹೋಟೆಲ್ ಅಂದರೆ ತಿಂಡಿ ತಿನ್ನುವ ಜಾಗ. ಮಲಗುವ ಜಾಗಕ್ಕೆ ಲಾಡ್ಜ್ ಅನ್ನುತ್ತೇವೆ. ನಮ್ಮದು ಮೊದಲನೆಯದು. ಎಂಟು ಟೇಬಲ್, ಒಂದು ಗಲ್ಲಾ. ಸುತ್ತಲೂ ಆಫೀಸುಗಳು, ಹಾಗಾಗಿ ಭಾನುವಾರ ಬಾಗಿಲು ಹಾಕುತ್ತೇವೆ. ಉಳಿದ ಆರು ದಿನ ನಮ್ಮವರು ಬೆಳಗಿನ ಜಾವದ ಲೋಕಲ್ ಹಿಡಿದು ಹೋದರೆ ಬರುವುದು ರಾತ್ರಿ ಹತ್ತಕ್ಕೆ. ಭಟ್ರು ಬರದಿದ್ದರೆ ಇವರೇ ಕಾವಲಿ ಮುಂದೆ ನಿಲ್ಲಬೇಕು. ಭಾನುವಾರವಾದರೂ ರಜೆ ಅಂದುಕೊಂಡಿರಾ? ಅವತ್ತು ಮನೆಯಲ್ಲಿ ಲೆಕ್ಕ ಬರೆಯುವುದು, ತರಕಾರಿಯವನಿಗೆ ಫೋನ್, ಗ್ಯಾಸಿನವನಿಗೆ ಫೋನ್.

ನಾಲ್ಕು ವರ್ಷದ ಹಿಂದೆ, ನಮ್ಮ ಮದುವೆಗೆ 25 ವರ್ಷ ತುಂಬಿದಾಗ, ಮಗಳು ಮಾಥೇರಾನ್ ಗಿರಿಧಾಮದಲ್ಲಿ ಎರಡು ರಾತ್ರಿಗೆ ರೂಮ್ ಬುಕ್ ಮಾಡಿದಳು. ಹಳೇ ಬಂಗಲೆಯನ್ನು ಹೋಟೆಲ್ ಮಾಡಿದ್ದು, ದುಬಾರಿಯೇ. ಇವರು ಎರಡು ದಿನ ಗೊಣಗಿದರು. "ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರಲ್ಲ ಅಪ್ಪ" ಅಂದ ಮೇಲೆ ಬಾಯಿ ಮುಚ್ಚಿದರು. ಮೈದುನನನ್ನು ಗಲ್ಲಾದಲ್ಲಿ ಕೂರಿಸಿ ಶುಕ್ರವಾರ ಮಧ್ಯಾಹ್ನ ಕರ್ಜತ್ ಲೋಕಲ್ ಹತ್ತಿದೆವು. ನೇರಳ್‌ನಲ್ಲಿ ಇಳಿದರೆ ಅಲ್ಲಿಂದ ಶೇರ್ ಟ್ಯಾಕ್ಸಿ.

ಟ್ಯಾಕ್ಸಿ ದಸ್ತುರಿ ನಾಕಾದವರೆಗೆ ಮಾತ್ರ. ಮಾಥೇರಾನ್ ಊರೊಳಗೆ ಕಾರು, ಬೈಕು ಬಿಡುವುದಿಲ್ಲ. ಅಲ್ಲಿಂದ ಮುಂದೆ ನಡಿಗೆ, ಕುದುರೆ, ಇಲ್ಲವೇ ಅಮನ್ ಲಾಡ್ಜ್ ಸ್ಟೇಷನ್‌ನಿಂದ ಪುಟ್ಟ ರೈಲು. 1907ರಲ್ಲಿ ಶುರುವಾದ ರೈಲು ಅದು, ಹಳಿಗಳ ನಡುವೆ ಎರಡೇ ಅಡಿ ಅಗಲ. ಮಳೆಗಾಲದಲ್ಲಿ ನೇರಳ್‌ನಿಂದ ಘಾಟಿ ಹತ್ತುವ ಗಾಡಿ ನಿಲ್ಲಿಸುತ್ತಾರೆ, ಮೇಲಿನ ಈ ಸಣ್ಣ ತುಂಡು ಮಾತ್ರ ಓಡುತ್ತದೆ. ನಾವು ನಡೆದೇ ಹೋದೆವು. ಕೆಂಪು ಮಣ್ಣಿನ ದಾರಿ, ಮೇಲೆಲ್ಲ ಮರ. ಕುಂದಾಪುರದ ನಮ್ಮ ಮನೆ ಹಿಂದಿನ ಹಾಡಿ ಥರವೇ ಇತ್ತು. ಐದು ನಿಮಿಷಕ್ಕೆ ಚಪ್ಪಲಿ, ಪಾದ ಎಲ್ಲ ಕೆಂಪು.

ದಾರಿಯಲ್ಲಿ ಒಂದು ಕುದುರೆ ಬೆನ್ನಿನ ಆ ಕಡೆ ಒಂದು, ಈ ಕಡೆ ಒಂದು ಗ್ಯಾಸ್ ಸಿಲಿಂಡರ್ ಹೊತ್ತು ಬರುತ್ತಿತ್ತು. ಇವರು ನಿಂತೇಬಿಟ್ಟರು. ಒಂದು ಸಿಲಿಂಡರ್ ಮೇಲೆ ತರಲು ಎಷ್ಟು, ಹಾಲು ಯಾರು ತರುತ್ತಾರೆ, ಮಳೆಯಲ್ಲಿ ಅಕ್ಕಿ ಮೂಟೆ ನೆನೆಯುವುದಿಲ್ಲವಾ ಅಂತ ಕುದುರೆಯವನ ಹತ್ತಿರ ಹತ್ತು ನಿಮಿಷ ಮರಾಠಿಯಲ್ಲಿ ಕೊರೆದರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ಚಹಾಕ್ಕೆ ಎಷ್ಟು ಹೇಳಿದರೂ ಜಾಸ್ತಿ ಅನ್ನಬೇಡ" ಅಂದರು. ರೇಟಿನ ಬಗ್ಗೆ ಅವರ ಗೊಣಗಾಟ ನಿಂತದ್ದು ಅಲ್ಲಿ.

ಆದರೆ ಮನಸ್ಸು ಇನ್ನೂ ಫೋರ್ಟ್‌ನಲ್ಲೇ ಇತ್ತು. ರಾತ್ರಿ ಊಟಕ್ಕೆ ಕೂತಿದ್ದೇವೆ. ಬಿಳಿ ಮೇಜುಬಟ್ಟೆ, ಮಂದ ದೀಪ. ಒಳಗೆಲ್ಲೋ ಒಂದು ಲೋಟ ಬಿತ್ತು. ಸ್ಟೀಲಿನದು. ಟಣ್ ಅಂತ ಬಿದ್ದು ಉರುಳಿಕೊಂಡು ಹೋಯಿತು. ಇವರು ಕುರ್ಚಿಯಿಂದ ಅರ್ಧ ಎದ್ದು, "ಯಾರೋ ಅದು?" ಅಂದೇಬಿಟ್ಟರು, ಕನ್ನಡದಲ್ಲಿ! ಪಕ್ಕದ ಟೇಬಲ್‌ನ ಪಾರ್ಸಿ ಅಜ್ಜಿ ಚಮಚ ಹಿಡಿದುಕೊಂಡೇ ನೋಡಿದರು. ಬಡಿಸುವ ಹುಡುಗ ಓಡಿ ಬಂದು "ಸರ್, ಏನಾದರೂ ಬೇಕಿತ್ತಾ?" ಅಂತ ಹಿಂದಿಯಲ್ಲಿ ಕೇಳಿದ. ಇವರು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದರು. ಮೆಲ್ಲಗೆ ಕೂತರು. "ಏನೂ ಬೇಡಪ್ಪ" ಅಂದರು.

ಇಡೀ ಮುಂಬಯಿಗೆ ಇವರು 'ಅಣ್ಣಾ'. ಅಣ್ಣಾ ಚಟ್ನಿ, ಅಣ್ಣಾ ಪಾನಿ, ಅಣ್ಣಾ ಜಲ್ದಿ. ದಿನಕ್ಕೆ ಎಷ್ಟು ಸಲವೋ ಲೆಕ್ಕ ಇಟ್ಟವರಿಲ್ಲ. ಆ ಎರಡು ದಿನ ಒಬ್ಬರೂ ಅಣ್ಣಾ ಅನ್ನಲಿಲ್ಲ. ನಾನು ದುಡ್ಡು ಕೊಡುವುದು ಅದಕ್ಕೆ. ಹೋಟೆಲ್ ನಡೆಯುತ್ತಿರಬೇಕು, ಲೋಟ ಬೀಳಬೇಕು, ಹಾಲು ತಡವಾಗಬೇಕು, ಆದರೆ ಅದು ಯಾವುದೂ ಇವರ ತಲೆನೋವಾಗಬಾರದು. ಮನೆಯಲ್ಲಿ ಸುಮ್ನೆ ಮಲಗಿ ಅಂದರೆ ಆಗುವುದಿಲ್ಲ. ಮನೆಯಲ್ಲಿ ಫೋನ್ ಇದೆ, ಲೆಕ್ಕದ ಪುಸ್ತಕ ಇದೆ, ನಾನೂ ಇದ್ದೇನೆ ಅಲ್ವಾ.

ಶನಿವಾರ ಬೆಳಿಗ್ಗೆ ಶಾರ್ಲೆಟ್ ಕೆರೆಯವರೆಗೆ ನಡೆದು ಬಂದೆವು. ಪಾಯಿಂಟ್‌ಗಳು ಬಹಳ ಇವೆ, ಎಲ್ಲ ನೋಡಲೇಬೇಕು ಅಂತ ಹೊರಟರೆ ಅದೂ ಒಂದು ಡ್ಯೂಟಿ. ಮಧ್ಯಾಹ್ನ ಊಟ ಆದ ಮೇಲೆ ವರಾಂಡದಲ್ಲಿ ಕೂತೆವು. ಕಾಲು ನೀಡಲು ಉದ್ದ ಕೈ ಇರುವ ಆರಾಮ ಕುರ್ಚಿ. ಇವರು ಪೇಪರ್ ಎದೆ ಮೇಲಿಟ್ಟುಕೊಂಡು ಬಾಯಿ ತೆರೆದು ಮಲಗಿಬಿಟ್ಟರು. ಒಂದು ಮಂಗ ಕಂಬ ಇಳಿದು ಬಂದು ತಟ್ಟೆಯಲ್ಲಿದ್ದ ಬಿಸ್ಕತ್ತು ಎತ್ತಿಕೊಂಡಿತು. ನನ್ನನ್ನೊಮ್ಮೆ ನೋಡಿತು, ಇವರನ್ನೊಮ್ಮೆ ನೋಡಿತು, ಅಲ್ಲೇ ಕೂತು ತಿಂದಿತು. ನಾನೂ ಓಡಿಸಲಿಲ್ಲ. ಓಡಿಸಿದ್ದರೆ ಇವರಿಗೆ ಎಚ್ಚರವಾಗುತ್ತಿತ್ತು. ಹಾರ್ನ್ ಇಲ್ಲದ ಊರಲ್ಲಿ ಗೊರಕೆಯೂ ಎಷ್ಟು ದೊಡ್ಡದಾಗಿ ಕೇಳುತ್ತದೆ ಅಂತ ಅವತ್ತು ಗೊತ್ತಾಯಿತು.

ಆಮೇಲೆ ವರ್ಷಕ್ಕೊಂದು ಸಲ ಹೋಗುತ್ತಿದ್ದೇವೆ. ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಹೋದ ಸಲ ಮೂರು ಹೊತ್ತಿನ ಊಟ ಸೇರಿ ಇಬ್ಬರಿಗೆ ರಾತ್ರಿಗೆ 9000 ರೂಪಾಯಿ. ರೂಮ್ ಬಾಡಿಗೆ 7500 ದಾಟಿದರೆ ಜಿಎಸ್‌ಟಿ ಶೇ 18, ಹಾಗಾಗಿ 10,620 ಆಯಿತು. 7500ರ ಒಳಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5 ಮಾತ್ರ. ಬುಕ್ ಮಾಡುವ ಮುಂಚೆ ಇದೊಂದು ನೋಡಿಕೊಳ್ಳಿ, ಉಳಿಯುವುದು ಸಣ್ಣ ದುಡ್ಡಲ್ಲ.

ಎಲ್ಲ ಚೆನ್ನಾಗಿತ್ತು ಅಂತಲೂ ಹೇಳುವುದಿಲ್ಲ. ಒಂದು ಸಲ ಎರಡು ದಿನವೂ ಸ್ನಾನಕ್ಕೆ ಉಗುರುಬೆಚ್ಚಗಿನ ನೀರೇ ಗತಿ. ಬೆಳಗಿನ ತಿಂಡಿಗೆ ಇಟ್ಟಿದ್ದ ಇಡ್ಲಿಯನ್ನು ಇವರು ಎರಡು ಬೆರಳಲ್ಲಿ ಒತ್ತಿ ನೋಡಿ, ಅಡುಗೆಮನೆ ಬಾಗಿಲ ಕಡೆ ನೋಡಿ, ಆಮ್ಲೆಟ್ ಹಾಕಿಸಿಕೊಂಡರು. ಹೇಗೆ ಮಾಡಬೇಕು ಅಂತ ಒಳಗೆ ಹೋಗಿ ಹೇಳಲಿಲ್ಲ. ಅಲ್ಲಿಗೆ ಅವರು ನಿಜವಾಗಿ ರಜೆಯಲ್ಲಿದ್ದಾರೆ ಅಂತ ನನಗೆ ನಂಬಿಕೆ ಬಂತು.

ಇನ್ನು ಅತ್ತಿಗೆಯ ಎರಡನೇ ಪ್ರಶ್ನೆ: "ಆ ದುಡ್ಡಲ್ಲಿ ಊರಿಗೇ ಬರಬಹುದಿತ್ತಲ್ಲ?" ಬರುತ್ತೇವೆ, ಪ್ರತಿ ಮೇ ತಿಂಗಳು ಬರುತ್ತೇವೆ. ಮತ್ಸ್ಯಗಂಧ ರೈಲು ಇಳಿದ ಗಳಿಗೆಯಿಂದ ಒಬ್ಬರ ಮನೆಗೆ ಹೋದರೆ ಇನ್ನೊಬ್ಬರಿಗೆ ಸಿಟ್ಟು. ಎರಡು ಮದುವೆ, ಒಂದು ಗೃಹಪ್ರವೇಶ, ಒಂದು ಜಾಗದ ಗಲಾಟೆ. ಊರಿಗೆ ಹೋಗುವುದು ಬೇಕು, ಅದರ ಖುಷಿಯೇ ಬೇರೆ. ಆದರೆ ವಾಪಸ್ ಬಂದ ಮೇಲೆ ಇವರಿಗೆ ಎರಡು ದಿನ ಸುಧಾರಿಸಿಕೊಳ್ಳಲು ಬೇಕು.

ಇದನ್ನೆಲ್ಲ ಹೋದ ವಾರ ಅತ್ತಿಗೆಗೆ ಫೋನ್‌ನಲ್ಲಿ ಬಿಡಿಸಿ ಹೇಳಿದೆ. ಜಾಗದ ಗಲಾಟೆ ಒಂದು ಬಿಟ್ಟೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಹೌದಾ, ಅಷ್ಟು ಲಾಯ್ಕ್ ಉಂಟಾ? ಹಾಗಾದರೆ ಈ ಸಲ ನಾವೂ ನಾಲ್ಕು ಜನ ಬರ್ತೇವೆ, ಒಟ್ಟಿಗೆ ಹೋಗುವ" ಅಂದರು.